ಕಡಲಿಗೆ ಎರಡು ಸೆಕೆಂಡು, ಜಲಪಾತಕ್ಕೆ ಅರ್ಧ: ಫಿಲ್ಟರ್ ಹಾಕಿ ನೀರಿನ ಫೋಟೊ ತೆಗೆಯುವುದು

ಲೆನ್ಸಿನ ಮುಂದೆ ಹಾಕುವ ಫಿಲ್ಟರ್ ಯಾವುದು ತಗೊಳ್ಳಲಿ ಅಂತ ಕೇಳುವವರ ಕಾರ್ಟಿನಲ್ಲಿ ಸಾಮಾನ್ಯವಾಗಿ ಒಂದು ಎನ್‌ಡಿ1000, ಅಂದರೆ ಬೆಳಕು ತಡೆಯುವ ತೀರಾ ಕಪ್ಪು ಗಾಜು, ಆಗಲೇ ಕೂತಿರುತ್ತದೆ. ಮೊದಲು ಅದನ್ನು ತೆಗೆಯಿರಿ ಅನ್ನುತ್ತೇನೆ. ನಮ್ಮ ಉಡುಪಿ ಕಡೆಯ ಕಡಲು, ಘಟ್ಟದ ಜಲಪಾತ ಇಷ್ಟನ್ನೇ ತೆಗೆಯುವವರಿಗೆ ಮೊದಲು ಬೇಕಾದದ್ದು ಪೋಲರೈಸರ್, ಅಂದರೆ ಪ್ರತಿಫಲನದ ಹೊಳಪು ತಗ್ಗಿಸುವ ಫಿಲ್ಟರ್. ಆಮೇಲೆ ಆರು ಸ್ಟಾಪಿನ (ಸ್ಟಾಪ್ ಅಂದರೆ ಬೆಳಕಿನ ಅಳತೆ) ಎನ್‌ಡಿ64. ಹತ್ತು ಸ್ಟಾಪಿನ ಆ ಕಪ್ಪು ಗಾಜು ಕೊನೆಗೆ, ಅದೂ ಬೇಕೆನಿಸಿದರೆ.

ಎನ್‌ಡಿ ಫಿಲ್ಟರ್ ಮಾಡುವುದು ಒಂದೇ ಕೆಲಸ, ಬೆಳಕು ತಗ್ಗಿಸುವುದು. ಒಂದು ಸ್ಟಾಪಿಗೆ ಬೆಳಕು ಅರ್ಧವಾಗುತ್ತದೆ, ಶಟರ್ ತೆರೆದಿರಬೇಕಾದ ಹೊತ್ತು ದುಪ್ಪಟ್ಟಾಗುತ್ತದೆ. ಆರು ಸ್ಟಾಪಿಗೆ 64 ಪಟ್ಟು, ಹತ್ತಕ್ಕೆ ಸುಮಾರು ಸಾವಿರ ಪಟ್ಟು. ಕಾಪು ಬೀಚಿನಲ್ಲಿ ಸೂರ್ಯ ಮುಳುಗುವ ಸ್ವಲ್ಪ ಮುಂಚೆ ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ) 100, ಎಫ್/11 (ಲೆನ್ಸಿನ ಕಿಂಡಿಯ ಅಳತೆ) ಇಟ್ಟರೆ ಕ್ಯಾಮೆರಾದ ಬೆಳಕಿನ ಮೀಟರ್ 1/30 ಸೆಕೆಂಡಿನ ಆಸುಪಾಸು ತೋರಿಸುತ್ತದೆ. ಎನ್‌ಡಿ64 ಹಾಕಿದರೆ ಅದು ಎರಡು ಸೆಕೆಂಡು, ಎನ್‌ಡಿ1000 ಹಾಕಿದರೆ ಅರ್ಧ ನಿಮಿಷಕ್ಕೂ ಮೇಲೆ. ಎರಡು ಸೆಕೆಂಡಿನಲ್ಲಿ ಬಂಡೆಗೆ ಬಡಿದು ಹಿಂದೆ ಸರಿಯುವ ತೆರೆ ಬಿಳಿ ಎಳೆಗಳಾಗಿ ಮೂಡುತ್ತದೆ, ನೀರು ಯಾವ ಕಡೆ ಹರಿಯಿತು ಅಂತ ಕಾಣುತ್ತದೆ. ಅರ್ಧ ನಿಮಿಷ ಬಿಟ್ಟರೆ ಬರೀ ಮಂಜು. ಸಪಾಟು ಕಡಲು, ಎಳೆದ ಮೋಡ, ನಡುವೆ ಬಂಡೆಯ ಮೇಲೆ 1901ರ ದೀಪಸ್ತಂಭ. ಅದೂ ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಅಂಥ ಚಿತ್ರ ಒಂದೆರಡಾದ ಮೇಲೆ ಕಾಪುವಿನ ಕಡಲಿಗೂ ಮಲ್ಪೆಯ ಕಡಲಿಗೂ ವ್ಯತ್ಯಾಸವೇ ಇರುವುದಿಲ್ಲ. ಹಾಗಾಗಿ ನೀರು ಹೇಗೆ ಕಾಣಬೇಕು, ಅದಕ್ಕೆ ಎಷ್ಟು ಸೆಕೆಂಡು ಬೇಕು ಅನ್ನುವುದನ್ನು ಮೊದಲು ಯೋಚಿಸಿ. ಯಾವ ಗಾಜು ಅನ್ನುವುದು ಆಮೇಲಿನ ಮಾತು.

ಜಲಪಾತಕ್ಕಂತೂ ಎಷ್ಟೋ ಸಲ ಎನ್‌ಡಿ ಬೇಕಾಗುವುದೇ ಇಲ್ಲ. ಶೃಂಗೇರಿ ಹತ್ತಿರ ಕಿಗ್ಗದ ಸಿರಿಮನೆಗೆ ಮಳೆಗಾಲ ಮುಗಿಯುವ ಹೊತ್ತಿಗೆ, ಮೋಡ ಕವಿದ ದಿನ ಹೋಗಿ. ಮರಗಳ ನೆರಳಿನಲ್ಲಿ ಬೆಳಕು ಎಷ್ಟು ಕಡಿಮೆ ಇರುತ್ತದೆಂದರೆ ಎಫ್/8ಕ್ಕೇ 1/8 ಸೆಕೆಂಡು ಬರುವುದುಂಟು. ಪೋಲರೈಸರ್ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ, ಅಲ್ಲಿಗೆ ಅರ್ಧ ಸೆಕೆಂಡು ಆಯಿತು. ನೀರು ನೂಲು ನೂಲಾಗಿ ಬೀಳಲು ಅಷ್ಟೇ ಸಾಕು. ಅದಕ್ಕಿಂತ ದೊಡ್ಡ ಲಾಭ ಬೇರೆಯಿದೆ. ಒದ್ದೆ ಬಂಡೆ, ಒದ್ದೆ ಎಲೆಗಳ ಮೇಲೆ ಹೊಳೆಯುವ ಬಿಳಿ ಪ್ರತಿಫಲನವನ್ನು ಪೋಲರೈಸರ್ ಅಳಿಸುತ್ತದೆ, ಅಡಿಯಲ್ಲಿದ್ದ ಹಸಿರು, ಕಂದು ಹೊರಗೆ ಬರುತ್ತದೆ. ಕಂಪ್ಯೂಟರಿನಲ್ಲಿ ಎಷ್ಟು ಗುದ್ದಾಡಿದರೂ ಇದನ್ನು ಆಮೇಲೆ ತರಲಾಗದು. ಮುಂದಿನ ಉಂಗುರವನ್ನು ನಿಧಾನ ತಿರುಗಿಸುತ್ತಾ ಹೊಳಪು ಮಾಯವಾಗುವ ಕಡೆ ನಿಲ್ಲಿಸಿ. ಕ್ಯಾಮೆರಾವನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿದರೆ ಉಂಗುರವನ್ನೂ ಮತ್ತೆ ತಿರುಗಿಸಬೇಕು.

ಕಡಲಿನಲ್ಲಿ ಇದೇ ಪೋಲರೈಸರ್ ಬೇರೆ ಥರ. ಆಕಾಶದ ಮೇಲೆ ಅದರ ಕೆಲಸ ಹೆಚ್ಚು ಕಾಣುವುದು ಸೂರ್ಯನಿಂದ 90 ಡಿಗ್ರಿ ಆಚೆ. ನಮ್ಮ ಕರಾವಳಿಯಲ್ಲಿ ಸೂರ್ಯ ಕಡಲಿಗೇ ಇಳಿಯುವುದರಿಂದ, ಸಂಜೆ ಪಡುವಣಕ್ಕೆ ಮುಖ ಮಾಡಿದರೆ ಆಕಾಶಕ್ಕೆ ಅದರಿಂದ ಏನೂ ಆಗುವುದಿಲ್ಲ. ತೆಂಕಕ್ಕೋ ಬಡಗಕ್ಕೋ ತಿರುಗಿ ನೋಡಿ, ನೀಲಿ ಗಾಢವಾಗುತ್ತದೆ.

ಕೊಳ್ಳುವಾಗ ಲೆನ್ಸಿನ ಮುಂಭಾಗದಲ್ಲಿ ಬರೆದಿರುವ ವ್ಯಾಸ ನೋಡಿ. 18-55 ಕಿಟ್ ಲೆನ್ಸಾದರೆ 52, 55 ಅಥವಾ 58 ಮಿ.ಮೀ. ಇರುತ್ತದೆ. ನಿಮ್ಮ ಲೆನ್ಸುಗಳಲ್ಲಿ ಅತಿ ದೊಡ್ಡದಕ್ಕೆ ಫಿಲ್ಟರ್ ತಗೊಂಡು, ಸಣ್ಣದಕ್ಕೆ ಆ ದೊಡ್ಡ ಫಿಲ್ಟರ್ ಕೂರಿಸುವ ಸ್ಟೆಪ್-ಅಪ್ ರಿಂಗ್ ಹಾಕಿಕೊಳ್ಳಿ. ತಿರುಗಿಸಿ ಹೆಚ್ಚುಕಡಿಮೆ ಮಾಡುವ ವೇರಿಯಬಲ್ ಎನ್‌ಡಿ ನನಗಂತೂ ಬೇಡ. ಅದರೊಳಗೆ ಇರುವುದು ಎರಡು ಪೋಲರೈಸರ್. ಅಗಲ ಕೋನದಲ್ಲಿ ಪೂರ್ತಿ ತಿರುಗಿಸಿದರೆ ಚಿತ್ರದ ಮೇಲೆ ಕತ್ತರಿಯಾಕಾರದ ಕಪ್ಪು ಪಟ್ಟೆ ಬೀಳುತ್ತದೆ.

ಇನ್ನು ಜಾಗದಲ್ಲಿ ಮಾಡುವ ಕ್ರಮ. ಕ್ಯಾಮೆರಾವನ್ನು ಟ್ರೈಪಾಡಿಗೆ ಹಾಕಿ, ಫಿಲ್ಟರ್ ಇಲ್ಲದೆಯೇ ಫ್ರೇಮ್ ಕಟ್ಟಿ, ಫೋಕಸ್ ಮಾಡಿ, ಕೂಡಲೇ ಮ್ಯಾನುಯಲ್ ಫೋಕಸಿಗೆ ಬದಲಿಸಿ; ಕಪ್ಪು ಗಾಜು ಹಾಕಿದ ಮೇಲೆ ಆಟೊಫೋಕಸ್ ತಡಕಾಡುತ್ತಲೇ ಇರುತ್ತದೆ. ಮ್ಯಾನುಯಲ್ ಮೋಡಿನಲ್ಲಿ ಸರಿಯಾದ ಎಕ್ಸ್‌ಪೋಶರ್ ಹೊಂದಿಸಿ. ಈಗ ಫಿಲ್ಟರನ್ನು ಮೆತ್ತಗೆ ತಿರುಗಿಸಿ ಹಾಕಿ, ಫೋಕಸ್ ರಿಂಗ್ ಅಲುಗದಿರಲಿ. ಆಮೇಲಿನ ಲೆಕ್ಕಕ್ಕೆ ಮೊಬೈಲ್ ಆ್ಯಪ್ ಏನೂ ಬೇಡ. ಹೆಚ್ಚಿನ ಕ್ಯಾಮೆರಾಗಳಲ್ಲಿ ಶಟರ್ ಡಯಲಿನ ಮೂರು ‘ಟಿಕ್’ ಒಂದು ಸ್ಟಾಪ್. ಹೊತ್ತು ಹೆಚ್ಚುವ ಕಡೆಗೆ ಎನ್‌ಡಿ64ಕ್ಕೆ 18 ಟಿಕ್, ಎನ್‌ಡಿ1000ಕ್ಕೆ 30. ಡಯಲ್ ಕಾಣದ ಕತ್ತಲಲ್ಲೂ ಕೈಗೆ ಗೊತ್ತಾಗುತ್ತದೆ. 30 ಸೆಕೆಂಡು ದಾಟಿದರೆ ಬಲ್ಬ್ ಮೋಡ್ (ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುತ್ತದೆ), ರಿಮೋಟ್. ಅದರೊಳಗಾದರೆ ಎರಡು ಸೆಕೆಂಡಿನ ಸೆಲ್ಫ್ ಟೈಮರ್ ಸಾಕು. ಅಲುಗಾಟ ತಡೆಯುವ ಲೆನ್ಸಿನ ಸ್ಟೆಬಿಲೈಸರ್ ಆಫ್ ಮಾಡಿ. ಡಿಎಸ್‌ಎಲ್‌ಆರ್ ಆಗಿದ್ದು, ಸೂರ್ಯ ಬೆನ್ನಿಗಿದ್ದು, ದೀರ್ಘ ಎಕ್ಸ್‌ಪೋಶರ್ ಆದರೆ ವ್ಯೂಫೈಂಡರ್ ಮೇಲೆ ಬೈರಾಸು (ಟವೆಲ್) ಮುಚ್ಚಿ, ಹಿಂದಿನಿಂದಲೂ ಬೆಳಕು ನುಗ್ಗುತ್ತದೆ. ಫೈಲ್ ಯಾವಾಗಲೂ ರಾ (ಕ್ಯಾಮೆರಾ ತಿದ್ದದ ಮೂಲ ಫೈಲ್). ಅಗ್ಗದ ಎನ್‌ಡಿ ಕೊಡುವ ಕಂದು ಛಾಯೆ ಆಗ ಸುಲಭವಾಗಿ ಹೋಗುತ್ತದೆ.

ಸೂರ್ಯ ಮುಳುಗಿದ ಮೇಲೆ ಬೆಳಕು ಬೇಗ ಬೇಗ ಇಳಿಯುತ್ತದೆ. ಪ್ರತಿ ಶಾಟಿನ ನಂತರ ಹಿಸ್ಟೋಗ್ರಾಂ (ಚಿತ್ರದ ಬೆಳಕು-ಕತ್ತಲು ತೋರಿಸುವ ನಕ್ಷೆ) ನೋಡಿ, ಟಿಕ್ ಸೇರಿಸುತ್ತಾ ಹೋಗಿ. ದೀರ್ಘ ಎಕ್ಸ್‌ಪೋಶರಿನ ಚುಕ್ಕೆಗಳನ್ನು ಅಳಿಸುವ ಕ್ಯಾಮೆರಾದ ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆನ್ ಇದ್ದರೆ 30 ಸೆಕೆಂಡಿನ ಚಿತ್ರಕ್ಕೆ ಇನ್ನೂ 30 ಸೆಕೆಂಡು ಕಾಯಿಸುತ್ತದೆ, ಅಷ್ಟರಲ್ಲಿ ಬಣ್ಣ ಹೋಗಿರುತ್ತದೆ. ಸಂಜೆಯ ಆ ಹತ್ತು ನಿಮಿಷ ನಾನು ಅದನ್ನು ಆಫ್ ಇಡುತ್ತೇನೆ. ಸ್ವಲ್ಪ ಹೊತ್ತಿನಲ್ಲಿ ಬರಿಯ ಲೆನ್ಸಿಗೇ ಒಂದೆರಡು ಸೆಕೆಂಡು ಸಿಗತೊಡಗುತ್ತದೆ. ಆಗ ಫಿಲ್ಟರ್ ಕಳಚಿ ಚೀಲಕ್ಕೆ ಹಾಕಿ.

ಟ್ರೈಪಾಡನ್ನು ಹೊಯಿಗೆ (ಮರಳು) ಮೇಲೆ ಸುಮ್ಮನೆ ಇಟ್ಟರೆ ತೆರೆ ಬಂದಾಗಲೆಲ್ಲ ಕಾಲಿನ ಅಡಿಯಿಂದ ಹೊಯಿಗೆ ಜಾರಿ ಕ್ಯಾಮೆರಾ ವಾಲುತ್ತದೆ. ಕಾಲುಗಳನ್ನು ಒತ್ತಿ ಆಳಕ್ಕೆ ಇಳಿಸಿ, ನಡುವಿನ ಕಂಬ ಎತ್ತಬೇಡಿ. ಉಬ್ಬರದ ಸಮಯ ನೋಡಿಕೊಂಡೇ ಬಂಡೆ ಹತ್ತಿ, ಮಳೆಗಾಲದಲ್ಲಂತೂ ಆ ಬಂಡೆಗಳ ಹತ್ತಿರ ಹೋಗಲೇಬೇಡಿ. ಮನೆಗೆ ಬಂದವರು ಟ್ರೈಪಾಡ್ ಕಾಲುಗಳನ್ನು ಬಿಚ್ಚಿ ಸಿಹಿನೀರಲ್ಲಿ ತೊಳೆಯಿರಿ. ಫಿಲ್ಟರ್ ಲೆನ್ಸಿಗೆ ಕಚ್ಚಿಕೊಂಡಿದ್ದರೆ ಒಂದು ಅಗಲ ರಬ್ಬರ್ ಬ್ಯಾಂಡನ್ನು ಅದರ ಅಂಚಿಗೆ ಸುತ್ತಿ, ಎಲ್ಲ ಬೆರಳುಗಳಿಂದ ಸಮನಾಗಿ ಹಿಡಿದು ತಿರುಗಿಸಿ. ಎರಡೇ ಬೆರಳಲ್ಲಿ ಗಟ್ಟಿಯಾಗಿ ಹಿಂಡಿದರೆ ಉಂಗುರ ವಕ್ರವಾಗಿ ಇನ್ನಷ್ಟು ಬಿಗಿಯುತ್ತದೆ.