ಪೊಳ್ಳು ಬಾಗಿಲಿನ ತೂತು: ಬಣ್ಣ ಬಳಿಯುವ ಮೊದಲು ಮುಚ್ಚುವುದು ಹೇಗೆ?

ಒಳಕೋಣೆಯ ಬಾಗಿಲಿನ ನಡುಭಾಗವನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಖಾಲಿ ಡಬ್ಬದ ಸದ್ದು ಬಂದರೆ ಅದು ಪೊಳ್ಳು ಬಾಗಿಲು. ಸುತ್ತ ಮರದ ಚೌಕಟ್ಟು, ಎರಡೂ ಬದಿಗೆ ಸುಮಾರು 3 ಮಿ.ಮೀ. ದಪ್ಪದ ಹಾರ್ಡ್‌ಬೋರ್ಡ್ ಅಥವಾ ತೆಳು ಪ್ಲೈವುಡ್, ನಡುವೆ ಸಾಮಾನ್ಯವಾಗಿ ಜೇನುಗೂಡಿನಂಥ ರಟ್ಟು. ಉಳಿದದ್ದು ಬರೀ ಗಾಳಿ. ಇಂಥ ಬಾಗಿಲಿನ ತೂತಿಗೆ ನೇರವಾಗಿ ಪುಟ್ಟಿ ಮೆತ್ತಿದರೆ ಅದು ಒಳಗೆ ಬೀಳುತ್ತದೆ. ಬೀಳದಿದ್ದರೂ ಅಂಚಿನಲ್ಲಷ್ಟೇ ಅಂಟಿಕೊಂಡಿದ್ದು, ಬಾಗಿಲು ನಾಲ್ಕು ಸಲ ಬಡಿದುಕೊಂಡಾಗ ಬಿಲ್ಲೆಯಂತೆ ಕಳಚಿ ಬರುತ್ತದೆ. ಪುಟ್ಟಿಗೆ ಹಿಂದಿನಿಂದ ಆಸರೆ ಕೊಡುವುದೇ ಈ ಕೆಲಸದ ಮುಕ್ಕಾಲು ಪಾಲು.

ಕೈ ಹಾಕುವ ಮೊದಲು ಎರಡು ವಿಷಯ ಗಮನಿಸಿ. ಬೆಂಕಿ ತಡೆಯುವ ಬಾಗಿಲು ಎಂಬ ಗುರುತು ಅಂಚಿನಲ್ಲಿದ್ದರೆ ಅದನ್ನು ನೀವೇ ರಿಪೇರಿ ಮಾಡಬೇಡಿ. ಬಣ್ಣ ತೀರಾ ಹಳೆಯದಾಗಿದ್ದರೆ ಅದರಲ್ಲಿ ಸೀಸ ಇರಬಹುದು; ಪರೀಕ್ಷಿಸದೆ ಉಜ್ಜಬೇಡಿ. ಇನ್ನು ತೂತು ಮುಷ್ಟಿಗಿಂತ ದೊಡ್ಡದಾಗಿದ್ದರೆ ಬಾಗಿಲನ್ನೇ ಬದಲಿಸುವುದು ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ.

ಅಂಚನ್ನು ಸರಿಮಾಡಿ

ಸಾಧ್ಯವಿದ್ದರೆ ಬಾಗಿಲನ್ನು ಕೀಲಿನಿಂದ ಬಿಡಿಸಿ ಎರಡು ಸ್ಟೂಲುಗಳ ಮೇಲೆ ಮಲಗಿಸಿ. ಪುಟ್ಟಿ ಜಾರುವುದಿಲ್ಲ, ಕೈಗೂ ಹಿಡಿತ ಸಿಗುತ್ತದೆ. ಹಿಡಿಕೆಯ ಸುತ್ತ ಕೈಜಿಡ್ಡು ಅಂಟಿರುತ್ತದೆ. ಸಾಬೂನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ.

ಮೊಳೆಯೋ ಸ್ಕ್ರೂವೋ ಕಿತ್ತು ಬಂದ ಕಡೆ ಹಾರ್ಡ್‌ಬೋರ್ಡ್ ಉಬ್ಬಿ ನಿಂತಿರುತ್ತದೆ. ಅದರ ಮೇಲೆ ಎಷ್ಟು ಪುಟ್ಟಿ ಎಳೆದರೂ ಗುಬುಟು ಗುಬುಟಾಗಿಯೇ ಕಾಣುತ್ತದೆ. ಚೂಪಾದ ಕಟರ್‌ನಿಂದ ಉಬ್ಬನ್ನು ಹೆರೆಯಿರಿ, ತೂತಿನ ಬಾಯಿಯನ್ನು ಒಳಮುಖವಾಗಿ ಸ್ವಲ್ಪ ಇಳಿಜಾರು ಮಾಡಿ. ಹೆರೆದಾಗ ಹತ್ತಿಯಂಥ ನಾರು ಏಳುತ್ತದೆ. ಅದಕ್ಕೆ ನೀರು ತಾಗಿದರೆ ಊದಿಕೊಳ್ಳುತ್ತದೆ. ಆದ್ದರಿಂದ ಆ ಜಾಗಕ್ಕೆ ಎಣ್ಣೆ ಆಧಾರಿತ ಪ್ರೈಮರ್ ಒಂದು ಕೈ ಬಳಿದು, ಒಣಗಿದ ಮೇಲೆ ನಯವಾಗಿ ಉಜ್ಜಿ. ಬಹಳ ಮಂದಿ ಬಿಟ್ಟುಬಿಡುವ ಹೆಜ್ಜೆ ಇದು. ಬಣ್ಣ ಬಳಿದ ಮೇಲೆ ತೂತಿನ ಸುತ್ತ ಉಂಗುರದಂತೆ ಉಬ್ಬು ಕಾಣಲು ಇದೇ ಕಾರಣ.

ಆಸರೆ ಕೊಡಿ

ಸಣ್ಣ ಮೊಳೆ ತೂತಿಗೆ ಆಸರೆ ಬೇಕಿಲ್ಲ, ಮರಕ್ಕೆ ಹಾಕುವ ಫಿಲ್ಲರ್ ಒತ್ತಿದರೆ ಸಾಕು. ಬೆರಳು ತೂರುವಷ್ಟು ಅಥವಾ ನಾಣ್ಯದಗಲ ಇದ್ದರೆ ತೂತಿಗಿಂತ ಉದ್ದವಾದ, ಆದರೆ ಅದರೊಳಗೆ ತೂರುವಷ್ಟು ಕಿರಿದಾದ ತೆಳು ಮರದ ಪಟ್ಟಿ ತೆಗೆದುಕೊಳ್ಳಿ. ಅದರ ನಡುವೆ ಒಂದು ಸ್ಕ್ರೂವನ್ನು ಅರ್ಧದವರೆಗೆ ಇಳಿಸಿ ನಿಲ್ಲಿಸಿದರೆ ಅದೇ ಹಿಡಿಕೆ. ಎರಡೂ ತುದಿಗೆ ಮರದ ಅಂಟು ಹಚ್ಚಿ ಪಟ್ಟಿಯನ್ನು ಓರೆಯಾಗಿ ಒಳಗೆ ತೂರಿಸಿ, ಸ್ಕ್ರೂ ಹಿಡಿದು ನಿಮ್ಮ ಕಡೆಗೆ ಎಳೆಯಿರಿ. ಪಟ್ಟಿಯ ತುದಿಗಳು ಹಲಗೆಯ ಒಳಮೈಗೆ ಕಚ್ಚಿಕೊಳ್ಳಬೇಕು. ರಟ್ಟು ಅಡ್ಡ ಬಂದರೆ ಬೆರಳಿನಿಂದ ಒತ್ತಿ ಸರಿಸಿ. ಸ್ಕ್ರೂಗೆ ದಾರ ಕಟ್ಟಿ, ತೂತಿನ ಮೇಲೆ ಅಡ್ಡ ಇಟ್ಟ ಕೋಲಿಗೆ ಬಿಗಿದರೆ ಅಂಟು ಒಣಗುವವರೆಗೆ ಕೈ ಹಿಡಿದು ಕೂರಬೇಕಿಲ್ಲ. ಒಣಗಿದ ಮೇಲೆ ಸ್ಕ್ರೂ ತೆಗೆಯಿರಿ.

ಉಬ್ಬುವ ಫೋಮ್ ತುಂಬುವವರೂ ಇದ್ದಾರೆ. ಅದೂ ಆಗುತ್ತದೆ, ಆದರೆ ಕಡಿಮೆ ಉಬ್ಬುವ ಬಗೆಯನ್ನೇ ಆರಿಸಿ, ಸ್ವಲ್ಪವೇ ಬಿಡಿ. ಹೆಚ್ಚಾದರೆ ತೆಳು ಹಲಗೆಯನ್ನೇ ಹೊರಕ್ಕೆ ದೂಡುತ್ತದೆ, ಆಮೇಲೆ ಅದನ್ನು ಸರಿಪಡಿಸಲಾಗದು. ಗಟ್ಟಿಯಾದ ಮೇಲೆ ಮೇಲ್ಮೈಗಿಂತ 3 ಮಿ.ಮೀ. ಒಳಕ್ಕೆ ಕತ್ತರಿಸಿ.

ತುಂಬಿ, ಉಜ್ಜಿ

ಗೋಡೆಯ ಸಿಮೆಂಟ್ ಪುಟ್ಟಿ ಇಲ್ಲಿ ಬೇಡ. ಬಾಗಿಲು ಅದುರಿದಾಗ ಅದು ಬಿರುಕು ಬಿಡುತ್ತದೆ. ಗಟ್ಟಿಕಾರಕ ಬೆರೆಸುವ ಎರಡು ಭಾಗದ ಫಿಲ್ಲರ್ ಉತ್ತಮ, ಅದು ಕುಗ್ಗುವುದು ಕಡಿಮೆ. ಬೇಗ ಗಟ್ಟಿಯಾಗುವುದರಿಂದ ಬೇಕಾದಷ್ಟನ್ನೇ ಕಲಸಿ, ಕಿಟಕಿ ತೆರೆದಿಡಿ. ಮೊದಲ ಪದರ ಮೇಲ್ಮೈಗಿಂತ ತುಸು ಕೆಳಗಿರಲಿ. ಅದು ಗಟ್ಟಿಯಾದ ಮೇಲೆ ಎರಡನೆಯದನ್ನು ಅಗಲ ಬ್ಲೇಡಿನಿಂದ ತೂತಿನಾಚೆಗೂ ತೆಳುವಾಗಿ ಎಳೆಯಿರಿ. ಬಾಗಿಲಿನಲ್ಲಿ ಮರದ ಗೆರೆಗಳ ಅಚ್ಚಿದ್ದರೆ, ಫಿಲ್ಲರ್ ಪೂರ್ತಿ ಗಟ್ಟಿಯಾಗುವ ಮುನ್ನ ಗಟ್ಟಿ ಬ್ರಷ್‌ನಿಂದ ಆ ಗೆರೆಗಳನ್ನು ಮುಂದುವರಿಸಿ.

ಸ್ಯಾಂಡ್‌ಪೇಪರನ್ನು ಮರದ ತುಂಡಿಗೆ ಸುತ್ತಿ 120 ನಂಬರಿನ ಒರಟು ಹಾಳೆಯಲ್ಲಿ ಶುರುಮಾಡಿ 220 ನಂಬರಿನ ನಯ ಹಾಳೆಯಲ್ಲಿ ಮುಗಿಸಿ. ಬರೀ ಬೆರಳಿನಿಂದ ಉಜ್ಜಿದರೆ ಗುಳಿ ಬೀಳುತ್ತದೆ. ಮಾಸ್ಕ್ ಹಾಕಿಕೊಳ್ಳಿ. ಕೋಣೆ ಕತ್ತಲು ಮಾಡಿ ಟಾರ್ಚನ್ನು ಬಾಗಿಲ ಮೈಗೆ ಓರೆಯಾಗಿ ಹಿಡಿದರೆ ಉಳಿದ ತಗ್ಗು, ಉಬ್ಬು ನೆರಳಾಗಿ ಎದ್ದು ಕಾಣುತ್ತವೆ. ಕಂಡರೆ ಇನ್ನೊಂದು ತೆಳು ಪದರ ಎಳೆಯಿರಿ, ಬೇಸರಪಡಬೇಡಿ. ಹೊಳಪಿನ ಬಣ್ಣ ಯಾವ ತಪ್ಪನ್ನೂ ಮುಚ್ಚುವುದಿಲ್ಲ.

ಧೂಳು ಒರೆಸಿ ತುಂಬಿದ ಜಾಗಕ್ಕೆ ಪ್ರೈಮರ್ ಹಚ್ಚಿ. ಇಲ್ಲವಾದರೆ ಫಿಲ್ಲರ್ ಬಣ್ಣ ಹೀರಿ ಅಲ್ಲಿ ಮಂಕು ಕಲೆ ಉಳಿಯುತ್ತದೆ. ಬಣ್ಣವನ್ನು ಮಾತ್ರ ತೇಪೆಗಷ್ಟೇ ಬಳಿಯದೆ, ಬಾಗಿಲಿನ ಆ ಬದಿಗೆ ಪೂರ್ತಿ ಬಳಿಯಿರಿ. ಕಿತ್ತು ಬಂದ ಕೊಕ್ಕೆಯನ್ನು ಮತ್ತೆ ಹಾಕುವುದಿದ್ದರೆ ಈ ತೇಪೆಯ ಮೇಲೆ ಬೇಡ, ಅಂಚಿನ ಮರದ ಚೌಕಟ್ಟಿಗೆ ಹಾಕಿ.