ಅಳತೆ ಪುಸ್ತಕ ಹಿಡಿದು ಬೀದಿಗಿಳಿಯಿರಿ: ವಾರ್ಡ್ ಕಾಮಗಾರಿಯ ಲೆಕ್ಕ ಕೇಳುವ ಬಗೆ

ಬೆಂಗಳೂರಿನ ಬಡಾವಣೆಯೊಂದರಲ್ಲಿ ಡಾಂಬರು ಹಾಕಿದ ಮರುವರ್ಷವೇ ರಸ್ತೆ ಕಿತ್ತುಬಂದರೆ ಜನ ಮೊದಲು ಮಳೆಯನ್ನು ಬಯ್ಯುತ್ತಾರೆ, ಆಮೇಲೆ ಗುತ್ತಿಗೆದಾರನನ್ನು. ನಾನು ಮೊದಲು ಕೇಳುವುದು ಅಳತೆ ಪುಸ್ತಕ. ಇಂಜಿನಿಯರುಗಳ ಬಾಯಲ್ಲಿ ಅದು ಎಂಬಿ. ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ದಪ್ಪ ಎಂದು ಅದರಲ್ಲಿ ಬರೆದಿದೆಯೋ ಅಷ್ಟಕ್ಕೆ ಹಣ ಸಂದಾಯವಾಗುತ್ತದೆ. ಆ ಅಂಕಿಯನ್ನು ಸಾಮಾನ್ಯ ನಾಗರಿಕ ಟೇಪು ಹಿಡಿದು ಬೀದಿಯಲ್ಲಿ ತಾಳೆ ನೋಡಲು ಸಾಧ್ಯವಿದ್ದರೆ ಮಾತ್ರ ಆ ಸಂಸ್ಥೆ ಉತ್ತರದಾಯಿ.

ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 16ನೆಯದರ ಒಳಗುರಿ 16.6 ಪರಿಣಾಮಕಾರಿ, ಉತ್ತರದಾಯಿ, ಪಾರದರ್ಶಕ ಸಂಸ್ಥೆಗಳ ಬಗ್ಗೆಯೇ ಇದೆ; 16.10 ಮಾಹಿತಿ ಪಡೆಯುವ ಹಕ್ಕಿನ ಬಗ್ಗೆ. ನೀರಿನ ಗುರಿಯೂ ನಗರಗಳ ಗುರಿಯೂ ಈ ಎರಡರ ಬೆನ್ನೇರಿಯೇ ಸಾಗಬೇಕು. ನಮ್ಮ ಊರಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಹಳೆಯ ಪದರ ಕೆರೆದು ತೆಗೆಯದೆ ಮೇಲೆ ಮೇಲೆ ಡಾಂಬರು ಸುರಿದರೆ ರಸ್ತೆಯ ಮಟ್ಟ ಏರುತ್ತದೆ, ಮಳೆನೀರು ಮನೆಯೊಳಗೆ ನುಗ್ಗುತ್ತದೆ. ಬೀದಿ ಚರಂಡಿಯಿಂದ ತೆಗೆಯದ ಹೂಳು ರಾಜಕಾಲುವೆಗೆ ಹೋಗುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಾದರೆ ಅಲ್ಲಿಂದ ಬೆಳ್ಳಂದೂರು, ವರ್ತೂರು ಕೆರೆಗೆ. ಎರಡು ವರ್ಷಕ್ಕೊಮ್ಮೆ ಮರುಡಾಂಬರೀಕರಣ ಎಂದರೆ ಅಷ್ಟು ಸಲ ಬಂಡೆ ಒಡೆದು ಜಲ್ಲಿ ಮಾಡಿದಂತೆ.

ಅಳತೆ ಪುಸ್ತಕ ಕೇಳುವುದು ಮಾಹಿತಿ ಹಕ್ಕಿನ ಅರ್ಜಿಯಲ್ಲಿ; ಆ ಕೆಲಸ ಜಾಬ್ ನಂಬರಿನಿಂದ ಶುರುವಾಗಬೇಕು. ಬಿಬಿಎಂಪಿ ಕಾಲದ ಪ್ರತಿ ಕಾಮಗಾರಿಗೂ ವಾರ್ಡ್ ಸಂಖ್ಯೆ, ವರ್ಷ, ಕ್ರಮಸಂಖ್ಯೆ ಸೇರಿದ ಒಂದು ಗುರುತು ಇರುತ್ತದೆ. ಸ್ಥಳದ ನಾಮಫಲಕ, ರಾಜ್ಯದ ಸಾರ್ವಜನಿಕ ಖರೀದಿ ಪೋರ್ಟಲ್‌ನ ಟೆಂಡರ್ ಪ್ರಕಟಣೆ, ಬಿಲ್ ಪಾವತಿಯ ಪಟ್ಟಿ, ಈ ಮೂರರಲ್ಲಿ ಒಂದು ಕಡೆಯಾದರೂ ಅದು ಸಿಗುತ್ತದೆ. ಅದಿಲ್ಲದೆ 'ನಮ್ಮ 4ನೇ ಅಡ್ಡರಸ್ತೆಯ ಕೆಲಸ' ಎಂದು ಬರೆದರೆ 'ಮಾಹಿತಿ ಸ್ಪಷ್ಟವಿಲ್ಲ' ಎಂಬ ಒಂದು ಸಾಲಿನ ಉತ್ತರ ಖಚಿತ. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದಿವೆ, ವಾರ್ಡುಗಳ ಗಡಿಯೂ ಬದಲಾಗಿದೆ. ಹಾಗಾಗಿ ಹಳೆಯ ಕಾಮಗಾರಿ ಕೇಳುವಾಗ ಹಳೆಯ 198 ವಾರ್ಡುಗಳ ಪಟ್ಟಿಯ ಸಂಖ್ಯೆಯನ್ನೇ ಬರೆಯಿರಿ. ಕಡತ ಬೇರೆ ಪ್ರಾಧಿಕಾರದ ಬಳಿ ಇದ್ದರೆ ಮಾಹಿತಿ ಹಕ್ಕು ಕಾಯ್ದೆಯ ಕಲಂ 6(3)ರ ಪ್ರಕಾರ 5 ದಿನದೊಳಗೆ ಅರ್ಜಿಯನ್ನು ವರ್ಗಾಯಿಸುವುದು ಅವರ ಹೊಣೆ. ನಿಮ್ಮನ್ನು ಕಚೇರಿಯಿಂದ ಕಚೇರಿಗೆ ಅಲೆಸುವಂತಿಲ್ಲ.

ಮಾಹಿತಿ ಹಕ್ಕಿನ ಅರ್ಜಿಗೆ ಕರ್ನಾಟಕದಲ್ಲಿ 10 ರೂಪಾಯಿ ಶುಲ್ಕ, ಎ4 ಪ್ರತಿಗೆ ಪುಟಕ್ಕೆ 2 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ದಾಟಬಾರದು. ಎಷ್ಟೋ ಅರ್ಜಿ ಮುಗ್ಗರಿಸುವುದು ಇಲ್ಲೇ: ಹತ್ತು ರಸ್ತೆ ಒಟ್ಟಿಗೆ ಕೇಳುತ್ತಾರೆ, ಮಧ್ಯೆ ಸಿಟ್ಟನ್ನೂ ಬರೆಯುತ್ತಾರೆ. ನಾನು ಒಂದು ಅರ್ಜಿಗೆ ಒಂದೇ ಜಾಬ್ ನಂಬರ್ ಇಟ್ಟುಕೊಳ್ಳುತ್ತೇನೆ. ಕೇಳುವುದು ಇಷ್ಟು: 'ಸದರಿ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಗುಣಮಟ್ಟ ಪರೀಕ್ಷಾ ವರದಿ, ಡಾಂಬರು ಮಿಶ್ರಣದ ತೂಕದ ಚೀಟಿಗಳು, ಅಂತಿಮ ಬಿಲ್ ಇವುಗಳ ದೃಢೀಕೃತ ಪ್ರತಿ ಕೊಡಿ. ಕಲಂ 2(ಜೆ) ಅನ್ವಯ ಕಡತ ಪರಿಶೀಲನೆಗೆ ದಿನಾಂಕ ತಿಳಿಸಿ.' 'ಏಕೆ ಹೀಗೆ ಮಾಡಿದಿರಿ' ಎಂದು ಕೇಳಬೇಡಿ. ಕಚೇರಿಯಲ್ಲಿರುವ ದಾಖಲೆಯನ್ನು ಕೊಡಬೇಕೇ ಹೊರತು ಹೊಸದಾಗಿ ಸಮಜಾಯಿಷಿ ಬರೆದುಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟಪಡಿಸಿದೆ. ಆ ಒಂದು ಪ್ರಶ್ನೆಯಿಂದ ಅಧಿಕಾರಿಗೆ ಅರ್ಜಿ ತಿರಸ್ಕರಿಸುವ ದಾರಿ ಸಿಗುತ್ತದೆ.

30 ದಿನದಲ್ಲಿ ಉತ್ತರ ಬಾರದಿದ್ದರೆ ಅದು ನಿರಾಕರಣೆಯೇ. ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. ಅದು ಹೆಚ್ಚೆಂದರೆ 45 ದಿನದಲ್ಲಿ ಇತ್ಯರ್ಥವಾಗಬೇಕು. ಆಮೇಲೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ತಡವಾಗಿ ಕೊಟ್ಟ ಮಾಹಿತಿಗೆ ಪ್ರತಿಗಳ ಶುಲ್ಕ ಕೇಳುವಂತಿಲ್ಲ, ಕಲಂ 7(6) ನೋಡಿ. 'ಕಡತ ಲಭ್ಯವಿಲ್ಲ' ಎಂಬ ಉತ್ತರ ಬಂದರೆ ಸುಮ್ಮನಾಗಬೇಡಿ: ಮಾಹಿತಿ ನಿರಾಕರಿಸಲು ಕಲಂ 8 ಕೊಡುವ ಕಾರಣಗಳಲ್ಲಿ ಕಡತ ಕಳೆದುಹೋಗುವುದು ಇಲ್ಲ. ಮೇಲ್ಮನವಿಯಲ್ಲಿ ಅಷ್ಟನ್ನೇ ಬರೆದರೆ ಸಾಕು.

ಈಗ ಎಂಬಿ ಓದುವುದು. ಪ್ರತಿ ಸಾಲಿನಲ್ಲಿ ಐಟಂ ವಿವರಣೆ, ಸಂಖ್ಯೆ, ಉದ್ದ, ಅಗಲ, ಆಳ, ಪ್ರಮಾಣ ಇರುತ್ತವೆ. ಪುಟಗಳಿಗೆ ಮುದ್ರಿತ ಕ್ರಮಸಂಖ್ಯೆ ಇರಬೇಕು. ಅಂಕಿ ತಿದ್ದಿದರೆ ಹೊಡೆದುಹಾಕಿ ಸಹಿ ಮಾಡಿರಬೇಕು, ಅಳಿಸಿರಬಾರದು. ನಾನು ಮೊದಲು ಹುಡುಕುವುದು ಒಂದೇ ಥರದ ಅಂಕಿಗಳನ್ನು. ಬೆಂಗಳೂರಿನ ಹಳೆಯ ಬಡಾವಣೆಯಲ್ಲಿ ಯಾವ ಅಡ್ಡರಸ್ತೆಯೂ ತುದಿಯಿಂದ ತುದಿಗೆ ಸರಿಯಾಗಿ 6.00 ಮೀಟರ್ ಇರುವುದಿಲ್ಲ. ಎಲ್ಲೋ ಮೆಟ್ಟಿಲು ಚಾಚಿರುತ್ತದೆ, ಎಲ್ಲೋ ಟ್ರಾನ್ಸ್‌ಫಾರ್ಮರ್ ಕಟ್ಟೆ ಇರುತ್ತದೆ. ಇಡೀ ಬೀದಿಗೆ ಒಂದೇ ಅಗಲ ಬರೆದಿದ್ದರೆ ಸ್ಥಳದಲ್ಲಿ ಅಳೆದೇ ಬರೆದರೇ ಎಂಬ ಅನುಮಾನಕ್ಕೆ ಕಾರಣವಿದೆ. ಪುರಾವೆ ಸಿಗುವುದು ಮಾತ್ರ ಬೀದಿಯಲ್ಲಿ.

30 ಮೀಟರ್ ಟೇಪು, ಸೀಮೆಸುಣ್ಣ, ಇಬ್ಬರು ಜನ, ಭಾನುವಾರದ ಬೆಳಗು, ಇಷ್ಟಿದ್ದರೆ ಅಗಲ ಅಳೆಯಬಹುದು. 10 ಮೀಟರಿಗೊಮ್ಮೆ ಅಳೆದರೆ 200 ಮೀಟರ್ ರಸ್ತೆಗೆ 21 ಅಂಕಿ ಬರುತ್ತವೆ. ಮನೆ ನಂಬರ್ ಜೊತೆ ಬರೆದುಕೊಳ್ಳಿ, ಮುಂದೆ ಅದೇ ಜಾಗ ಸಿಗಬೇಕು. ದಪ್ಪದ ವಿಷಯ ಬೇರೆ. ರಸ್ತೆಯನ್ನು ನೀವೇ ಕೊರೆಯುವಂತಿಲ್ಲ. ಕಲಂ 2(ಜೆ) ಕೊಡುವ ಪ್ರಮಾಣೀಕೃತ ಮಾದರಿಯ ಹಕ್ಕಿನಡಿ ಕೋರ್, ಅಂದರೆ ರಸ್ತೆಯಿಂದ ಕೊರೆದು ತೆಗೆಯುವ ತುಂಡು, ತೆಗೆಸಲು ಕೇಳಬಹುದು. ಅದಕ್ಕಿಂತ ಸುಲಭದ ದಾರಿಯೂ ಇದೆ. ಕೇಬಲ್ಲಿಗೋ ನೀರಿನ ಪೈಪಿಗೋ ರಸ್ತೆ ಅಗೆದಾಗ ಗುಂಡಿಯ ಅಂಚಿನಲ್ಲಿ ಪದರಗಳು ಕಾಣುತ್ತವೆ. ಅಂಚು ಕುಸಿದಿರದ ಕಡೆ ಸ್ಕೇಲ್ ಹಿಡಿದು ಫೋಟೋ ತೆಗೆದಿಡಿ.

ಇನ್ನೊಂದು ದಾರಿ ತೂಕ. 200 ಮೀಟರ್ ಉದ್ದ, 6 ಮೀಟರ್ ಅಗಲ, 40 ಮಿ.ಮೀ. ದಪ್ಪ ಎಂದರೆ 48 ಘನ ಮೀಟರ್. ಒತ್ತಿದ ಡಾಂಬರು ಕಾಂಕ್ರೀಟ್ (ಡಾಂಬರು, ಜಲ್ಲಿಯ ಮಿಶ್ರಣ) ಘನ ಮೀಟರಿಗೆ ಸುಮಾರು 2.35 ಟನ್ ತೂಗುತ್ತದೆ. ಅಂದರೆ ಸುಮಾರು 113 ಟನ್ ಮಾಲು ಬಂದಿರಬೇಕು. ದಪ್ಪ 30 ಮಿ.ಮೀ.ಗೆ ಇಳಿದರೆ ಸಾಲುವುದು ಸುಮಾರು 85 ಟನ್. ಕಣ್ಣಿಗೆ ಬರೀ ಒಂದು ಸೆಂಟಿಮೀಟರ್, ಲೆಕ್ಕದಲ್ಲಿ 28 ಟನ್. ತೂಕದ ಚೀಟಿಗಳನ್ನು ಕೂಡಿಸಿದರೆ ಇದು ತಾನಾಗಿಯೇ ಹೊರಬೀಳುತ್ತದೆ. ಚೀಟಿಯ ದಿನಾಂಕ, ಲಾರಿ ನಂಬರ್ ಕೂಡ ನೋಡಿ. ಒಂದೇ ಚೀಟಿ ಎರಡು ಕಾಮಗಾರಿಯ ಕಡತದಲ್ಲಿ ಇರಬಾರದು.

ಕೆಲಸ ನಡೆಯುವಾಗಲೇ ಹೋಗಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ವಿಜಿ-30 ದರ್ಜೆಯ ಡಾಂಬರು ಬಳಸಿದ ಮಿಶ್ರಣವನ್ನು ಹರಡುವಾಗ ಕನಿಷ್ಠ 140 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು, ರೋಲರ್ ಕೆಲಸ 90 ಡಿಗ್ರಿಗಿಂತ ಕೆಳಗಿಳಿಯುವ ಮುನ್ನ ಮುಗಿಯಬೇಕು. ಟ್ರಾಫಿಕ್ಕಿನಲ್ಲಿ ಸಿಕ್ಕ ಲಾರಿಯ ಮಾಲು ತಣಿದಿರುತ್ತದೆ, ಎಷ್ಟು ರೋಲರ್ ಓಡಿಸಿದರೂ ಒತ್ತುವುದಿಲ್ಲ; ಮೊದಲ ಮಳೆಗೇ ಜಲ್ಲಿ ಎದ್ದುಬರುತ್ತದೆ. ದೂರದಿಂದ ತೋರಿಸುವ ಇನ್ಫ್ರಾರೆಡ್ ಥರ್ಮಾಮೀಟರ್ ಮೇಲ್ಮೈಯ ಬಿಸಿ ಮಾತ್ರ ಹೇಳುತ್ತದೆ. ಮಾಲಿನೊಳಗೆ ಚುಚ್ಚುವ ಥರ್ಮಾಮೀಟರ್ ಹಾಕಲು ಸ್ಥಳದ ಇಂಜಿನಿಯರಿಗೆ ಹೇಳಿ.

ಎಲ್ಲಕ್ಕಿಂತ ಕಷ್ಟ ಹೂಳೆತ್ತುವಿಕೆ, ಏಕೆಂದರೆ ಕೆಲಸ ಮುಗಿದ ಮೇಲೆ ಅಳೆಯಲು ಏನೂ ಉಳಿದಿರುವುದಿಲ್ಲ. 300 ಮೀಟರ್ ಚರಂಡಿ, 0.6 ಅಗಲ, 0.3 ಹೂಳು ಎಂದರೆ 54 ಘನ ಮೀಟರ್. ಟ್ರಿಪ್ಪಿಗೆ 3 ಘನ ಮೀಟರ್ ಹಿಡಿಯುವ ಟ್ರೇಲರಿಗೆ 18 ಟ್ರಿಪ್. ಆ 18 ಟ್ರಿಪ್ ಎಲ್ಲಿ ಸುರಿದರು ಎಂಬ ದಾಖಲೆ ಕೇಳಿ. ಎಂಬಿಯ ದಿನಾಂಕವನ್ನು ಮಳೆಯ ದಿನಗಳ ಜೊತೆ ಹೋಲಿಸಿ. ಕೆಲಸಕ್ಕೆ ಮೊದಲು ಚರಂಡಿಯೊಳಗೆ ಅಳತೆ ಕೋಲು ನಿಲ್ಲಿಸಿ ಫೋಟೋ ತೆಗೆದಿಟ್ಟವರಿಗೆ ಮಾತ್ರ ಆಮೇಲೆ ವಾದಿಸುವ ಬಲ. ಇಲ್ಲಿ ನೆರೆಯವರೇ ಸಾಕ್ಷಿ, ಅವರನ್ನು ಮೊದಲೇ ಸೇರಿಸಿಕೊಳ್ಳಿ.

ವ್ಯತ್ಯಾಸ ಸಿಕ್ಕರೆ ಮೊದಲ ಪತ್ರ ಸಹಾಯಕ ಇಂಜಿನಿಯರಿಗೇ ಹೋಗಲಿ. ಬೀದಿಯಲ್ಲಿ ಬರೆದುಕೊಂಡ 21 ಅಂಕಿಗಳ ಹಾಳೆ ಲಗತ್ತಿಸಿ, ಜಂಟಿ ಅಳತೆಗೆ ದಿನಾಂಕ ಕೇಳಿ. 'ಭ್ರಷ್ಟಾಚಾರ' ಎಂಬ ಪದ ಅದರಲ್ಲಿ ಬೇಡ. ಅಳತೆ ತಪ್ಪಾಗಿದ್ದರೆ ಮುಂದಿನ ಬಿಲ್ಲಿನಲ್ಲಿ ಕಡಿತ ಮಾಡಿಸಿ ಸರಿಪಡಿಸುವ ಇಂಜಿನಿಯರುಗಳೂ ಇದ್ದಾರೆ, ಅವರಿಗೆ ಆ ಅವಕಾಶ ಸಿಗಬೇಕು. ಉತ್ತರ ಬಾರದಿದ್ದರೆ ಆಯುಕ್ತರ ಅಧೀನದ ತಾಂತ್ರಿಕ ಜಾಗೃತ ದಳ. ಅಲ್ಲೂ ಆಗದಿದ್ದರೆ ಲೋಕಾಯುಕ್ತ. ಲೋಕಾಯುಕ್ತಕ್ಕೆ ನಿಗದಿತ ನಮೂನೆಯ ಜೊತೆ ಪ್ರಮಾಣಪತ್ರ (ಅಫಿಡವಿಟ್) ಕೊಡಬೇಕಾದ್ದರಿಂದ ಪ್ರತಿ ವಾಕ್ಯಕ್ಕೂ ಕೈಯಲ್ಲಿ ದಾಖಲೆ ಇರಲಿ.

ಒಂದು ಸಲ ಅಳೆದು ಬಿಟ್ಟರೆ ಪ್ರಯೋಜನ ಕಡಿಮೆ. ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸ್ವಯಂಸೇವಾ ಸಂಸ್ಥೆ ಕಟ್ಟಿದ ಸ್ಯಾಮ್ಯುಯೆಲ್ ಪಾಲ್ ಅವರು ಆರಂಭಿಸಿದ ಬೆಂಗಳೂರಿನ ನಾಗರಿಕ ವರದಿ ಕಾರ್ಡಿಗೆ, ಅಂದರೆ ಇಲಾಖೆಗಳ ಸೇವೆಗೆ ಜನರೇ ಅಂಕ ಕೊಡುವ ಸಮೀಕ್ಷೆಗೆ, ಬೆಲೆ ಬಂದದ್ದು 1994ರ ಬಳಿಕ 1999ರಲ್ಲಿ, 2003ರಲ್ಲಿ ಮತ್ತೆ ಜನರನ್ನು ಕೇಳಿದ್ದರಿಂದ. ಹಿಂದಿನ ಅಂಕದ ಪಕ್ಕ ಹೊಸ ಅಂಕ ನಿಂತಾಗ ಯಾವ ಇಲಾಖೆಯೂ ನುಣುಚಿಕೊಳ್ಳಲಾಗಲಿಲ್ಲ. ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದ ಮೇಲೆ ವಾರ್ಡಿನಲ್ಲಿ ಎದುರಿಗೆ ನಿಂತು ಕೇಳಲು ಕಾರ್ಪೊರೇಟರೂ ಇಲ್ಲವಾದರು, ಹಾಗಾಗಿ ಈ ಪುನರಾವರ್ತನೆ ಇನ್ನೂ ಮುಖ್ಯವಾಯಿತು. ರಸ್ತೆಗೂ ಅದೇ ಕ್ರಮ: ಕೆಲಸ ಮುಗಿದಾಗ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್ ಮಳೆ ಕಳೆದ ಮೇಲೆ ಒಮ್ಮೆ, ಅದೇ ಮನೆ ನಂಬರುಗಳ ಎದುರು, ಅದೇ ಹಾಳೆಯ ಪಕ್ಕದ ಕಾಲಂನಲ್ಲಿ.

ಟೆಂಡರ್ ದಾಖಲೆಯಲ್ಲಿ ದೋಷ ಹೊಣೆಗಾರಿಕೆಯ ಅವಧಿ ಎಷ್ಟೆಂದು ಬರೆದಿರುತ್ತದೆ. ಅದು ಮುಗಿಯುವವರೆಗೆ ಗುತ್ತಿಗೆದಾರ ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡಬೇಕು, ಅವನ ಭದ್ರತಾ ಠೇವಣಿ ಇಲಾಖೆಯ ಬಳಿಯೇ ಇರುತ್ತದೆ. ಎರಡನೇ ಮೇಲ್ಮನವಿ ವಿಚಾರಣೆಗೆ ಬರುವಷ್ಟರಲ್ಲಿ ಈ ಅವಧಿ ಕಳೆದುಹೋಗಬಹುದು, ಆದ್ದರಿಂದ ಮೇಲ್ಮನವಿಯನ್ನೇ ನೆಚ್ಚಿಕೊಂಡು ಕೂರಬೇಡಿ. ಅವಧಿ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಅದಕ್ಕೆ 60 ದಿನ ಮೊದಲು ಎರಡೂ ಕಾಲಂ ತುಂಬಿದ ಹಾಳೆ, ಗುಂಡಿಗಳ ಫೋಟೋ, ಜಾಬ್ ನಂಬರ್ ಸೇರಿಸಿ, ದುರಸ್ತಿ ಆಗುವ ತನಕ ಠೇವಣಿ ಬಿಡುಗಡೆ ಮಾಡಬೇಡಿ ಎಂದು ಕಾರ್ಯಪಾಲಕ ಇಂಜಿನಿಯರಿಗೆ ಪತ್ರ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.