ಶಾಲೆ ಬಿಟ್ರೂ ಓದು ಬಿಡ್ಬೇಕಾಗಿಲ್ಲ: ಹೈಸ್ಕೂಲ್ ಮಕ್ಕಳಿಗೆ ಹೊರಗಿನ ದಾರಿಗಳು, ತುಮಕೂರು ಕೋಲಾರ ಚಿಕ್ಕಬಳ್ಳಾಪುರದವರಿಗೆ

ನಮ್ಮ ಕಡೆ ಒಂಬತ್ತು ಹತ್ತನೇ ಕ್ಲಾಸಲ್ಲಿ ಮಕ್ಕಳು ಶಾಲೆ ಬಿಡೋಕೆ ಕಾರಣ ಒಂದಲ್ಲ ಎರಡಲ್ಲ. ಹುಷಾರಿಲ್ದೆ ತಿಂಗಳುಗಟ್ಲೆ ಮಲಗಿದ್ದು, ಗಣಿತದಲ್ಲಿ ಫೇಲಾಗಿ ಮುಖ ತೋರ್ಸೋಕೆ ನಾಚಿಕೆ ಆಗಿದ್ದು, ಊರಿಗೆ ಬಸ್ ಸರಿಯಾಗಿಲ್ಲ ಅಂತ ಹೆಣ್ಮಕ್ಕಳನ್ನ ಮನೇಲೇ ಉಳಿಸ್ಕೊಂಡಿದ್ದು, ಕಬಡ್ಡಿ ಅಥ್ಲೆಟಿಕ್ಸ್ ಪ್ರಾಕ್ಟೀಸ್‌ಗೇ ದಿನ ಪೂರ್ತಿ ಹೋಗೋದು, ಇಲ್ಲ ಸುಮ್ನೆ ಆ ಕ್ಲಾಸ್‌ರೂಮೇ ಆಗಿಬರದೆ ಇರೋದು. ಕಾರಣ ಏನೇ ಇರ್ಲಿ, ಇಂಥ ಮಗುಗೆ ಎರಡು ಬೇಕು, ಒಂದು ನಾಳೆ ಎಲ್ಲೇ ಹೋದ್ರೂ ನಡೆಯೋ ಸರ್ಟಿಫಿಕೇಟು, ಇನ್ನೊಂದು ದಿನಾ ಬೆಳಗ್ಗೆ ಎದ್ದು ರೆಡಿಯಾಗಿ ಹೋಗೋಕೆ ಒಂದು ಜಾಗ. ಮೊದಲ್ನೇದಕ್ಕೆ ಎಲ್ರೂ ಓಡಾಡ್ತಾರೆ, ಎರಡನೇದನ್ನ ಮರೀತಾರೆ, ಆಮೇಲೆ ಮಗು ಮೊಬೈಲ್ ಹಿಡ್ಕೊಂಡು ಮೂಲೆ ಸೇರತ್ತೆ.

ಮೊದಲು ವಯಸ್ಸು ನೋಡಿ. 14 ತುಂಬಿಲ್ಲ ಅಂದ್ರೆ ಮಗುಗೆ ಶಾಲೆ ಅನ್ನೋದು ಹಕ್ಕು, ಅದನ್ನ ಬಿಡ್ಸೋ ಯೋಚ್ನೆ ಮಾಡ್ಬೇಡಿ, ಬಿಇಒ (ತಾಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗಿ ಬೇರೆ ಶಾಲೆ, ಹಾಸ್ಟೆಲ್, ಏನಿದೆ ಕೇಳಿ. 14 ದಾಟಿದ್ಮೇಲೇನೆ ಕೆಳಗಿನ ಮಾತು.

ಶಾಲೆಯಿಂದ ಹೊರಗೆ ಬರೋ ಮುಂಚೆ ಕಾಗದ ಪತ್ರ ಎಲ್ಲಾ ಕೈಗೆ ತಗೊಳಿ, ಆಮೇಲೆ ಹೋದ್ರೆ ಹೆಡ್‌ಮಾಸ್ಟರ್ ಬದಲಾಗಿರ್ತಾರೆ, ರಿಜಿಸ್ಟರ್ ಸಿಗಲ್ಲ. ಟಿಸಿ, ಸ್ಯಾಟ್ಸ್ ನಂಬರು (ಶಿಕ್ಷಣ ಇಲಾಖೆಯ ಕಂಪ್ಯೂಟರಲ್ಲಿ ಮಗುವಿಗೆ ಕೊಟ್ಟಿರೋ ನಂಬರು), ಹಿಂದಿನ ವರ್ಷದ ಮಾರ್ಕ್ಸ್ ಕಾರ್ಡು, ಮತ್ತೆ ಒಂದನೇ ಕ್ಲಾಸಿಂದ ಎಲ್ಲೆಲ್ಲಿ ಓದಿದ್ದು ಅನ್ನೋ ವ್ಯಾಸಂಗ ಪ್ರಮಾಣಪತ್ರ, ಅದಕ್ಕೆ ಬಿಇಒ ಸಹಿ. ಈ ಕೊನೇದು ಯಾಕಂದ್ರೆ ಮುಂದೆ ಸಿಇಟಿ ಸೀಟು ಕೇಳೋವಾಗ ಸಾಮಾನ್ಯವಾಗಿ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದಕ್ಕೆ ದಾಖಲೆ ಬೇಕಾಗತ್ತೆ. ಟಿಸಿ ಕೈಗೆ ಬಂದ ತಕ್ಷಣ ಅಲ್ಲೇ ನಿಂತ್ಕೊಂಡು ಆಧಾರ್ ಜೊತೆ ಇಟ್ಟು ನೋಡಿ, ಮಗುವಿನ ಹೆಸರು, ಇನಿಶಿಯಲ್ಲು, ಅಪ್ಪನ ಹೆಸರು, ಹುಟ್ಟಿದ ತಾರೀಖು ಒಂದೊಂದೇ ಅಕ್ಷರ. ಒಂದ್ರಲ್ಲಿ "ಲಕ್ಷ್ಮೀದೇವಿ" ಇನ್ನೊಂದ್ರಲ್ಲಿ "ಲಕ್ಷ್ಮಿದೇವಮ್ಮ" ಅಂತ ಇದ್ರೆ ಈಗಲೇ ಸರಿ ಮಾಡ್ಸಿ, ಹತ್ತನೇ ಕ್ಲಾಸ್ ಸರ್ಟಿಫಿಕೇಟಲ್ಲಿ ಬಂದ್ಮೇಲೆ ಅದನ್ನ ತಿದ್ಸೋದು ದೊಡ್ಡ ಓಡಾಟ.

ಈಗ ಸರ್ಟಿಫಿಕೇಟು. ಮುಖ್ಯವಾಗಿ ಎರಡು ದಾರಿ ಇದೆ.

ಒಂದು ನಮ್ಮ ಬೋರ್ಡಲ್ಲೇ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟೋದು. 15 ವರ್ಷ ತುಂಬಿರ್ಬೇಕು. ಅದೇ ಕನ್ನಡ ಮೀಡಿಯಂ, ಅದೇ ಪುಸ್ತಕ, ಗೊತ್ತಿರೋ ಮೇಷ್ಟ್ರ ಹತ್ರ ಡೌಟ್ ಕೇಳ್ಬೋದು, ಹಾಗಾಗಿ ಕನ್ನಡ ಮೀಡಿಯಂ ಮಕ್ಕಳಿಗೆ ನಾನು ಮೊದಲು ಇದನ್ನೇ ಹೇಳೋದು. ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರೋದ್ರಿಂದ ಒಂದ್ಸಲ ಹೋಯ್ತು ಅಂದ್ರೆ ವರ್ಷ ಹಾಳು ಅನ್ನೋ ಭಯಾನೂ ಕಡಿಮೆ ಆಗಿದೆ. ಅರ್ಜಿ ಯಾವ ಹೈಸ್ಕೂಲಲ್ಲಿ ತಗೋತಾರೆ ಅಂತ ತಾಲೂಕಿನ ಬಿಇಒ ಆಫೀಸಲ್ಲಿ ಕೇಳಿ.

ಇನ್ನೊಂದು ಎನ್‌ಐಒಎಸ್, ಅಂದ್ರೆ ರಾಷ್ಟ್ರೀಯ ಮುಕ್ತ ಶಾಲೆ. 1989ರಿಂದ ಇದೆ, ಕೇಂದ್ರ ಸರ್ಕಾರದ್ದು, ಸಿಬಿಎಸ್‌ಇ ತರಾನೇ ಮಾನ್ಯತೆ ಇರೋ ಬೋರ್ಡು, ಯಾರೋ "ಅದು ಡೂಪ್ಲಿಕೇಟು" ಅಂದ್ರೆ ನಂಬ್ಬೇಡಿ. 14 ತುಂಬಿದ್ರೆ ಹತ್ತನೇ ಕ್ಲಾಸಿಗೆ ಸೇರ್ಬೋದು. ಒಂದು ಭಾಷೆನಾದ್ರೂ ಇರೋ ಹಾಗೆ ಐದು ವಿಷಯ ತಗೊಂಡ್ರೆ ಸಾಕು, ಗಣಿತ ಬೇಡ ಅಂದ್ರೆ ಬಿಟ್ಟು ಹೋಂ ಸೈನ್ಸು, ಪೇಂಟಿಂಗು, ಡೇಟಾ ಎಂಟ್ರಿ ತರದ್ದು ತಗೋಬೋದು. ಪಾಸಿಗೆ 33 ಪರ್ಸೆಂಟು. ವರ್ಷಕ್ಕೆ ಎರಡು ಪಬ್ಲಿಕ್ ಪರೀಕ್ಷೆ, ಏಪ್ರಿಲ್ ಮೇ ಒಂದು, ಅಕ್ಟೋಬರ್ ನವೆಂಬರ್ ಒಂದು. ಒಂದ್ಸಲ ಸೇರಿದ್ರೆ 5 ವರ್ಷ, ಅದ್ರೊಳಗೆ 9 ಅವಕಾಶ, ಐದೂ ಒಟ್ಟಿಗೆ ಬರೀಬೇಕು ಅಂತೇನಿಲ್ಲ, ಈ ಸಲ ಎರಡು ಮುಂದಿನ ಸಲ ಮೂರು ಅಂತ ಬರೀಬೋದು. ಹುಷಾರಿಲ್ದೆ ಇರೋ ಮಕ್ಕಳಿಗೆ, ಕ್ರೀಡೆಯಲ್ಲಿರೋ ಮಕ್ಕಳಿಗೆ ಇದಕ್ಕಿಂತ ಒಳ್ಳೇದು ನಂಗೆ ಗೊತ್ತಿಲ್ಲ. ಎಸ್ಸೆಸ್ಸೆಲ್ಸಿ ಫೇಲಾಗಿ ಕನ್ನಡ, ಸಮಾಜ ಪಾಸಾಗಿದ್ರೆ ಎರಡು ವಿಷಯದವರೆಗೆ ಆ ಮಾರ್ಕ್ಸ್‌ನ ಇಲ್ಲಿಗೆ ತರ್ಬೋದು, ಸೇರೋವಾಗ್ಲೇ ಕೇಳಿ, ತುಂಬಾ ಜನಕ್ಕೆ ಇದು ಗೊತ್ತೇ ಇಲ್ಲ.

ಗಣಿತ ಬಿಡೋ ವಿಷಯದಲ್ಲಿ ಮಾತ್ರ ದುಡುಕ್ಬೇಡಿ. ಮುಂದೆ ಡಿಪ್ಲೊಮಾ, ಪಿಯು ಸೈನ್ಸ್ ಆಸೆ ಸ್ವಲ್ಪ ಇದ್ರೂ ಗಣಿತ ವಿಜ್ಞಾನ ಎರಡೂ ಇಟ್ಕೊಳಿ. ಮೀಡಿಯಂ ಕೂಡ ನೋಡ್ಕೊಳಿ, ಕನ್ನಡ ಒಂದು ಭಾಷಾ ವಿಷಯವಾಗಿ ಸಿಗತ್ತೆ, ಉಳಿದ ವಿಷಯದ ಪುಸ್ತಕ ಯಾವ ಭಾಷೇಲಿ ಅಂತ ಆ ವರ್ಷದ ಪ್ರಾಸ್ಪೆಕ್ಟಸ್ ಓದಿ ಆಮೇಲೆ ದುಡ್ಡು ಕಟ್ಟಿ. ದುಡ್ಡು ಕಟ್ಟೋದು ಅವರ ವೆಬ್‌ಸೈಟಲ್ಲೇ, ಪ್ರಾದೇಶಿಕ ಕೇಂದ್ರ ಬೆಂಗಳೂರಲ್ಲಿದೆ. "ಓದೋದೇ ಬೇಡ, ಗ್ಯಾರಂಟಿ ಪಾಸ್" ಅಂತ ಬೋರ್ಡ್ ಹಾಕಿರೋ ಕಡೆ ಹತ್ರಾನೂ ಹೋಗ್ಬೇಡಿ, ಫೀಸ್ ನಾಲ್ಕೈದು ಪಟ್ಟು ಹೋಗತ್ತೆ, ಕೊನೆಗೆ ಕೈಗೆ ಬರೋದು ಯಾವ್ದೋ ಹೆಸರಿಲ್ಲದ ಬೋರ್ಡಿನ ಕಾಗದ.

ಎನ್‌ಐಒಎಸ್‌ನಲ್ಲಿ ಟಿಎಂಎ ಅಂತ ಒಂದಿದೆ, ಮನೇಲಿ ಬರೆದು ಕೊಡೋ ಅಸೈನ್‌ಮೆಂಟು, 20 ಪರ್ಸೆಂಟ್ ತೂಕ ಅದಕ್ಕೆ. ನಮ್ಮ ಅಕ್ಕನ ಮಗಳು ಶಿರಾ ಹತ್ರದ ಹಳ್ಳೀಲಿ ಕೂತು ಇದನ್ನ ಬರೆದ ರೀತಿ ಹೇಳ್ತೀನಿ. ಪ್ರಶ್ನೆಗಳನ್ನ ಡೌನ್‌ಲೋಡ್ ಮಾಡ್ಕೊಂಡು ವಿಷಯಕ್ಕೊಂದು ಗೆರೆ ಹಾಳೆ ಕಟ್ಟು, ಮೇಲ್ಗಡೆ ಎನ್ರೋಲ್‌ಮೆಂಟ್ ನಂಬರು, ಎಡಗಡೆ ಎರಡು ಬೆರಳು ಮಾರ್ಜಿನ್, ನೀಲಿ ಪೆನ್ನು. ಮೊದಲು ಪಾಠ ಓದಿ ಪುಸ್ತಕ ಮುಚ್ಚಿಟ್ಟು ಉತ್ತರ ಬರೆಯೋದು, ಆಮೇಲೆ ತೆಗೆದು ನೋಡಿ ತಿದ್ದೋದು. ಫೋನಲ್ಲಿ ಸ್ಕ್ಯಾನ್ ಮಾಡೋವಾಗ ಬಾಗಿಲ ಹತ್ರ ಬೆಳಕಲ್ಲಿ ಹಾಳೆ ಇಟ್ಟು ನೆರಳು ಬೀಳದ ಹಾಗೆ ಮೇಲಿಂದ ತೆಗೆದು, ಒಂದೇ ಪಿಡಿಎಫ್ ಮಾಡಿ ಅಪ್‌ಲೋಡು, ಆ ಸ್ಕ್ರೀನ್‌ಶಾಟ್ ಅವರಮ್ಮನ ಫೋನಿಗೆ. ಕಾಪಿ ಹೊಡೀದೆ ಹೀಗೆ ಬರೆದ್ರೆ ಅರ್ಧ ಪರೀಕ್ಷೆಗೆ ಓದಿದಂಗೇ ಆಗತ್ತೆ ಕಣ್ರಿ.

ಅವಳು ಬರೆದಿದ್ದು ಮನೇಲಲ್ಲ, ಗ್ರಾಮ ಪಂಚಾಯ್ತಿ ಲೈಬ್ರರೀಲಿ. ಈಗ ಅದಕ್ಕೆ ಅರಿವು ಕೇಂದ್ರ ಅಂತಾರೆ, 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಫ್ರೀ, ಎಷ್ಟೋ ಕಡೆ ಕಂಪ್ಯೂಟರೂ ಇದೆ. ಆಧಾರ್ ಜೆರಾಕ್ಸ್, ಫೋಟೋ ತಗೊಂಡು ಹೋಗಿ, ಲೈಬ್ರರಿಯನ್ ಹತ್ರ "ಇವಳು ದಿನಾ ಬಂದು ಓದ್ಕೋತಾಳೆ ಸರ್, ಸ್ವಲ್ಪ ನೋಡ್ಕೊಳಿ" ಅಂತ ನೀವೇ ಹೇಳಿ. ಹಾಗೆ ಹೇಳಿದ್ರೆ ಅವ್ರೂ ಒಂದು ಟೇಬಲ್ ಬಿಟ್ಕೊಡ್ತಾರೆ, ಒಂದಿನ ಬರ್ಲಿಲ್ಲ ಅಂದ್ರೆ ಯಾಕೆ ಅಂತ ಕೇಳ್ತಾರೆ, ಆ ಕೇಳೋ ಒಬ್ರು ಇರೋದೇ ಮುಖ್ಯ. ಪಟ್ಟಣದಲ್ಲಿದ್ರೆ ನಗರ ಗ್ರಂಥಾಲಯಕ್ಕೆ ಹೋಗಿ.

ಪಾಠಕ್ಕೆ ಟ್ಯೂಷನ್ನೇ ಆಗ್ಬೇಕು ಅಂತಿಲ್ಲ. ನಮ್ಮ ರಾಜ್ಯದ ಪಠ್ಯಪುಸ್ತಕಗಳ ಪಿಡಿಎಫ್ ಫ್ರೀ ಸಿಗತ್ತೆ, ಪುಸ್ತಕದಲ್ಲಿರೋ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ದೀಕ್ಷಾ ಆ್ಯಪಲ್ಲಿ ಆ ಪಾಠದ್ದು ಬರತ್ತೆ, ಗಣಿತಕ್ಕೆ ಖಾನ್ ಅಕಾಡೆಮಿ ಕನ್ನಡದಲ್ಲೇ ಇದೆ. ಸ್ವಯಂ ಅನ್ನೋ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠದ ವೆಬ್‌ಸೈಟಲ್ಲಿ ಎನ್‌ಐಒಎಸ್ ಪಾಠಗಳೂ ಇವೆ. ವಿಡಿಯೋ ನೋಡಿ ಬಿಟ್ರೆ ಏನೂ ಉಳಿಯಲ್ಲ, ನೋಡಿದ ತಕ್ಷಣ ನಾಲ್ಕು ಲೆಕ್ಕ ಮಾಡ್ಸಿ.

ಬೆಳಗ್ಗೆ ಎರಡು ಮೂರು ಗಂಟೆ ಓದಾದ್ಮೇಲೆ ಉಳಿದ ದಿನ ಇದ್ಯಲ್ಲ, ಅಲ್ಲಿ ನಮ್ಮ ಮೂರು ಜಿಲ್ಲೆ ನಿಜವಾಗ್ಲೂ ಶ್ರೀಮಂತ. ಹಿರೇಹಳ್ಳಿ, ತಿಪಟೂರು ಹತ್ರದ ಕೊನೇಹಳ್ಳಿ, ಚಿಂತಾಮಣಿ ಕುರುಬೂರು, ಕೋಲಾರ, ಈ ಕಡೆಯೆಲ್ಲಾ ಕೃಷಿ ವಿಜ್ಞಾನ ಕೇಂದ್ರ ಇದೆ, ಕಸಿ ಕಟ್ಟೋದು, ಜೇನು, ಅಣಬೆ, ಹೀಗೆ ಏನು ತರಬೇತಿ ಬರತ್ತೆ ಅಂತ ಫೋನ್ ಮಾಡಿ ಕೇಳಿ ಅಪ್ಪನೋ ಅಮ್ಮನೋ ಜೊತೇಲೇ ಹೋಗ್ಬೋದು. ಶಿಡ್ಲಘಟ್ಟ ಕಡೆಯವರಾದ್ರೆ ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಒಂದು ಬೆಳಗ್ಗೆ ಕರ್ಕೊಂಡು ಹೋಗಿ, ಲಾಟು, ಹರಾಜು, ಅವತ್ತಿನ ರೇಟು ಬರ್ಕೊಂಡು ಬಂದು ಸರಾಸರಿ ಹಾಕ್ಲಿ, ಸರಾಸರಿ ಲೆಕ್ಕ ಅಷ್ಟು ಚೆನ್ನಾಗಿ ಬೇರೆಲ್ಲೂ ಅರ್ಥ ಆಗಲ್ಲ. ಕೋಲಾರದವರಿಗೆ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಅನ್ನೋ ಸಾಂಸ್ಕೃತಿಕ ಕೇಂದ್ರ ಇದೆ, ಹುಣ್ಣಿಮೆ ಹಾಡು ಅಂತ ಕಾರ್ಯಕ್ರಮ ಮಾಡ್ತಾ ಬಂದಿದ್ದಾರೆ, ಹಾಡು ನಾಟಕದ ಕಡೆ ಮನಸ್ಸಿರೋ ಮಗುನ ಒಂದ್ಸಲ ಕರ್ಕೊಂಡು ಹೋಗಿ. ಮುದ್ದೇನಹಳ್ಳೀಲಿ ವಿಶ್ವೇಶ್ವರಯ್ಯನವರ ಮನೆ ಮ್ಯೂಸಿಯಂ ಆಗಿದೆ. ಮಧುಗಿರಿ ತಾಲೂಕಿನ ಮೈದನಹಳ್ಳೀಲಿ ಕೃಷ್ಣಮೃಗ ನೋಡೋಕೆ ಎಲ್ಲೆಲ್ಲಿಂದಲೋ ಬರ್ತಾರೆ, ಪಕ್ಕದ ಊರಿನ ಮಕ್ಕಳು ನೋಡಿರಲ್ಲ. ಚಿತ್ರ ಬರೆಯೋ ಮಕ್ಕಳಿಗೆ ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆ ಇದೆ, ಕಟ್ಸಿ.

ಕೈಕೆಲಸದ ಕಡೆ ಒಲವಿದ್ರೆ ಐಟಿಐ ಯೋಚ್ನೆ ಮಾಡಿ. ವೆಲ್ಡರ್, ವೈರ್‌ಮನ್ ತರದ ಕೆಲವು ಟ್ರೇಡಿಗೆ ಎಂಟನೇ ಕ್ಲಾಸ್ ಪಾಸಾಗಿದ್ರೂ ಸಾಕು. ಎಂಟರ ಮೇಲೆ ಎರಡು ವರ್ಷದ ಐಟಿಐ ಮುಗ್ಸಿ ಎನ್‌ಐಒಎಸ್‌ನಲ್ಲಿ ಅವರು ಹೇಳೋ ವಿಷಯ ಪಾಸ್ ಮಾಡ್ಕೊಂಡ್ರೆ ಹತ್ತನೇ ಕ್ಲಾಸಿಗೆ ಸಮ ಅನ್ನೋ ಸರ್ಟಿಫಿಕೇಟ್ ತಗೋಳೋ ವ್ಯವಸ್ಥೆ ಇದೆ. ಎಸ್ಸೆಸ್ಸೆಲ್ಸಿ ಆದವ್ರಿಗೆ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಂ ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಡಿಪ್ಲೊಮಾ, ತುಮಕೂರು, ಕೋಲಾರ, ಗೌರಿಬಿದನೂರಲ್ಲಿ ಕೇಂದ್ರ ಇದೆ. ಗ್ಯಾರೇಜಿಗೋ ವೈಂಡಿಂಗ್ ಅಂಗಡಿಗೋ ಕಲಿಯೋಕೆ ಬಿಡೋದಾದ್ರೆ ಹುಷಾರು, 14ರ ಒಳಗಿನ ಮಗುನ ಕೆಲಸಕ್ಕೆ ಇಟ್ಕೊಳ್ಳೋದು ಕಾನೂನು ಪ್ರಕಾರ ತಪ್ಪು, 18ರವರೆಗೆ ಅಪಾಯದ ಕೆಲಸ ಕೂಡದು. ಮಾಲೀಕರ ಹತ್ರ ಮೊದಲೇ ಮಾತಾಡಿ, ದಿನಕ್ಕೆ ಎರಡು ಗಂಟೆ, ಓದು ಮುಗಿದ್ಮೇಲೆ, ಪರೀಕ್ಷೆ ತಿಂಗಳು ಪೂರ್ತಿ ಬಿಡುವು. ಸಂಬಳದ ಆಸೆ ತೋರಿಸಿ ಇಡೀ ದಿನ ಕರೆಯೋಕೆ ಶುರು ಮಾಡಿದ್ರೆ ಅವತ್ತೇ ಬಿಡ್ಸಿ, ಒಂದ್ಸಲ ಕೈಗೆ ದುಡ್ಡು ಬಂದ್ಮೇಲೆ ಆ ವಯಸ್ಸಲ್ಲಿ ಪುಸ್ತಕ ತೆಗೆಯೋದು ಕಷ್ಟ.

ಸ್ನೇಹಿತರ ವಿಷ್ಯ ಬಿಡ್ಬೇಡಿ. ಶಾಲೆ ಬಿಟ್ರೆ ಜೊತೆಗಾರ್ರೂ ದೂರ ಆಗ್ತಾರೆ, ಮಗು ಬಾಯ್ಬಿಟ್ಟು ಹೇಳಲ್ಲ ಆದ್ರೆ ಒಳಗೊಳಗೇ ಕೊರಗತ್ತೆ. ಸಂಜೆ ಹೈಸ್ಕೂಲ್ ಫೀಲ್ಡಿಗೆ ವಾಲಿಬಾಲ್ ಆಡೋಕೆ ಕಳಿಸಿ, ಹಳೇ ಕ್ಲಾಸ್‌ಮೇಟ್‌ಗಳನ್ನ ಭಾನುವಾರ ಮನೆಗೆ ಕರೀರಿ. ನೆಂಟರು "ಯಾವ ಸ್ಕೂಲು" ಅಂತ ಕೇಳಿದಾಗ ನೀವು ತಡವರಿಸ್ಬೇಡಿ, "ಓಪನ್ ಸ್ಕೂಲಲ್ಲಿ ಹತ್ತನೇ ಕ್ಲಾಸು" ಅಂತ ಮಗುವಿನ ಮುಂದೇನೇ ಗಟ್ಟಿಯಾಗಿ ಹೇಳಿ.

ಇನ್ನು ಕೆಲಸ ಶುರು ಮಾಡೋದು ಹೀಗೆ: ಈ ವಾರ ಟಿಸಿ ಮತ್ತೆ ವ್ಯಾಸಂಗ ಪ್ರಮಾಣಪತ್ರಕ್ಕೆ ಅರ್ಜಿ ಕೊಡಿ, ಅದು ಬರೋದ್ರೊಳಗೆ ಲೈಬ್ರರಿ ಕಾರ್ಡ್ ಮಾಡ್ಸಿ, ಮಗುನ ಕೂರಿಸ್ಕೊಂಡು ಎರಡೂ ಬೋರ್ಡಿನ ವಿಷಯಗಳ ಪಟ್ಟಿ ಒಟ್ಟಿಗೆ ಓದಿ. ವಿಷಯ ಆರಿಸೋದು ಮಗು, ಅರ್ಜಿಯ ಕೊನೇ ದಿನ ನೆನಪಿಟ್ಕೊಂಡು ಕ್ಯಾಲೆಂಡರಲ್ಲಿ ಗುರುತು ಹಾಕೋದು ನೀವು.